ನಡುವೆ ನಿಂತ ಸಣ್ಣಬಸಪ್ಪ

ಬೆಳುಗುಪ್ಪದ ಕಡೆಯ ನಮ್ಮೂರಲ್ಲಿ ಎತ್ತಿನ ವ್ಯಾಪಾರವಾಗಲಿ, ಹೊಲದ ಗುತ್ತಿಗೆಯಾಗಲಿ, ಸಣ್ಣಬಸಪ್ಪ ನಡುವೆ ನಿಲ್ಲದೆ ಕುದುರುತ್ತಿರಲಿಲ್ಲ. ಎರಡೂ ಕಡೆಯವರು ಮಾತು ಮುಗಿಸುವ ತನಕ ತುಟಿ ಬಿಚ್ಚುತ್ತಿರಲಿಲ್ಲ ಪುಣ್ಯಾತ್ಮ. ಆಮೇಲೆ ಇಬ್ಬರಿಗೂ ಎಲೆ ಅಡಿಕೆ ಕೊಟ್ಟು, "ನಾ ಕೇಳೀನಿ, ಹೋಗ್ರಿ" ಅನ್ನುತ್ತಿದ್ದ. ಎಲೆ ಅಡಿಕೆ ಬಾಯಿಗೆ ಬಿತ್ತೆಂದರೆ ಮಾತು ಗಟ್ಟಿಯಾದಂತೆ. ಆಡಿದ ಮಾತನ್ನು ಅವನ ಎದುರು ನಿಂತು ಇಲ್ಲವೆನ್ನುವ ಗಂಡು ನಮ್ಮೂರಲ್ಲಿ ಹುಟ್ಟಿರಲಿಲ್ಲ.

ಅವನ ತಂಗಿ ಮಂಜಮ್ಮ, ಗಂಡ ಸತ್ತ ಮೇಲೆ, ಇದ್ದ ತುಂಡು ಹೊಲದಲ್ಲಿ ಕೋಳಿ ಶೆಡ್ಡು ಹಾಕಿಸಿದಳು. ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ನೀರು, ದುಡಿಮೆ ಇವಳದು. ಬೆಳೆದ ಕೋಳಿಯನ್ನು ಕಂಪನಿ ಒಯ್ದು ಸಾಕಿದ ಕೂಲಿ ಕೊಡುತ್ತದೆ. ಮಂಜಮ್ಮನಿಗಿದ್ದ ಭಯ ಒಂದೇ, ನಮ್ಮ ಬಿಸಿಲು.

"ಬಿಸಿಲಿಗೆ ಸತ್ರ ಕಂಪನಿ ನೋಡ್ಕೊಂತೈತವ್ವ. ನಿಮ್ಮ ಶೆಡ್ಡಿಗೆ ಮರಿ ಬಿಡೋದು ನಿಲ್ಸಂಗಿಲ್ಲ," ಅಂದ ಕಂಪನಿಯ ಸೂಪರ್‌ವೈಸರ್ ರಮೇಶ್. ಸಣ್ಣಬಸಪ್ಪ ಕೊಟ್ಟ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಬ್ಯಾಗಿನಿಂದ ಇಂಗ್ಲಿಷ್ ಕಾಗದ ತೆಗೆದ. "ಮಾತಿಗೆ ಸಾಕ್ಷಿ ನೀವೇ ಅಲ್ರಿ ಯಜಮಾನ್ರ? ಇಲ್ಲೊಂದು ಸಹಿ ಹಾಕ್ರಿ."

ಸಣ್ಣಬಸಪ್ಪ ಹಾಕಿದ. ತಾನು ಕಿವಿಯಾರೆ ಕೇಳಿದ ಮಾತಿಗೆ ಹಾಕಿದ ಸಹಿ ಅದು. ಕಾಗದದಲ್ಲಿ ಬೇರೆ ಮಾತಿದ್ದೀತೆಂದು ಹೊಳೆಯುವುದಾದರೂ ಹೇಗೆ? ಎದುರಿಗಿದ್ದವನು ಎಲೆ ಅಡಿಕೆ ಅಗಿಯುತ್ತಿದ್ದನಲ್ಲ!

ಮುಂದಿನ ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತವು. ಮಂಜಮ್ಮ, ಅವಳ ಮಗಳು ಭವ್ಯಾ ಗೋಣಿಚೀಲ ನೆನೆಸಿ ನೆನೆಸಿ ಶೆಡ್ಡಿನ ಸುತ್ತ ಕಟ್ಟಿದರು. ಸಂಜೆಯ ಹೊತ್ತಿಗೆ ಕೋಳಿಗಳೆಲ್ಲ ಕೊಕ್ಕು ತೆರೆದು ಬಿದ್ದಿದ್ದವು. ಕಂಪನಿ ನಷ್ಟವನ್ನು ಅವಳ ತಲೆಗೇ ಕಟ್ಟಿ ಮರಿ ಬಿಡುವುದನ್ನೂ ನಿಲ್ಲಿಸಿತು. ರಮೇಶ್ ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದ. ಅವನ ಬಾಯಿಗೆ ಮಣ್ಣು ಹಾಕ!

ಸಣ್ಣಬಸಪ್ಪ ಒಗೆದ ಪಂಚೆ ಉಟ್ಟು, ತಂಗಿಯನ್ನು ಕರೆದುಕೊಂಡು ರಾಯದುರ್ಗದ ಆಫೀಸಿಗೆ ಹೋದ. "ಮಾತು ಕೇಳಿದಾವ ನಾನದೀನ್ರಿ," ಅಂದ. ಮ್ಯಾನೇಜರು ಕಾಗದ ಓದಿ ಕನ್ನಡದಲ್ಲಿ ಹೇಳಿದ: ಬಿಸಿಲಿಗೆ ಸತ್ತ ಕೋಳಿ ರೈತರ ಹೊಣೆ. ಕೆಳಗಿನ ಸಹಿಯ ಮೇಲೆ ಬೆರಳಿಟ್ಟು, "ಇದಕ್ಕೂ ಸಾಕ್ಷಿ ನೀವೇ ಅದೀರಲ್ರಿ," ಅಂದ.

ಮಂಜಮ್ಮ ಬಗ್ಗಿ ನೋಡಿದಳು. "ಅಣ್ಣಾ, ಇದು ನಿಂದೇನು?"

"ನಂದವ್ವಾ."

ಬಸ್ಸಿನಲ್ಲಿ ಅವಳು ಅವನ ಪಕ್ಕದಲ್ಲೇ ಕೂತಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅಂದಿನಿಂದ ಅವನು ಯಾರ ನಡುವೆಯೂ ನಿಲ್ಲಲಿಲ್ಲ.

ಈ ವರ್ಷ ಭವ್ಯಾಳ ನಿಶ್ಚಯ. ನೆರಳಿದೆಯೆಂದು ಆ ಖಾಲಿ ಶೆಡ್ಡಿನಲ್ಲೇ ಜಮಖಾನೆ ಹಾಸಿದ್ದರು. ಮಾತು ಮುಗಿದ ಮೇಲೆ ಮಂಜಮ್ಮ ಅಣ್ಣನ ಮುಂದೆ ಕೂತು ಎಲೆ ಅಡಿಕೆ ತಟ್ಟೆ ಹಿಡಿದಳು.

"ಕೇಳೀನಿ ಅನ್ನಣ್ಣ."

"ಬ್ಯಾರೇರ್ನ ಕರೀ ತಂಗಿ."

"ನೀ ಅನ್ನೋತನ ನಾ ಏಳಂಗಿಲ್ಲ."

ಅವಳು ತಟ್ಟೆ ಹಿಡಿದು ಕೂತೇ ಇದ್ದಳು. ಬೀಗರ ಎದುರಿಗೇ ಆ ಮುದುಕ ಬಿಕ್ಕಿ ಬಿಕ್ಕಿ ಅತ್ತ. ಕೇಳೀನಿ ಅನ್ನಲಿಲ್ಲ.