ಪರೀಕ್ಷೆಗೆ ಬೇಡವಾದ ಎದೆ

ಮೇಲೂರಿನ ಬಯ್ಯಪ್ಪ ರೇಷ್ಮೆ ಬೆಳೆಗಾರ. ಆದರೆ ಅವನು ಊರಲ್ಲಿ ಮೀಸೆ ತಿರುವುತ್ತಿದ್ದುದು ತನ್ನ ಹೃದಯದ ಕವಾಟದ ಬಲದಿಂದ. ಅದು ಸರಿಯಾಗಿ ಮುಚ್ಚುತ್ತಿರಲಿಲ್ಲ. ಸ್ಟೆತಸ್ಕೋಪ್ ಇಟ್ಟರೆ ಬುಸ್ ಬುಸ್ ಎನ್ನುತ್ತಿತ್ತು. ಚಿಕ್ಕಬಳ್ಳಾಪುರದ ಕಡೆಯ ಒಂದು ಮೆಡಿಕಲ್ ಕಾಲೇಜಿನವರಿಗೆ ಇಷ್ಟು ಚೊಕ್ಕ ಸದ್ದು ಇನ್ನೆಲ್ಲೂ ಸಿಕ್ಕಿರಲಿಲ್ಲ. ಪ್ರತಿ ವರ್ಷ, ವಿದ್ಯಾರ್ಥಿಗಳು ರೋಗಿಯ ಎದೆ ಕೇಳಿ ಕಾಯಿಲೆ ಹೆಸರಿಸಬೇಕಾದ ಪರೀಕ್ಷೆಗೆ, ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು. "ಡಾಕ್ಟ್ರುಗಳ್ನ ಪಾಸು ಮಾಡಿ ಬರ್ತೀನಿ" ಎಂದು ಹುಳದ ಮನೆಯನ್ನು ಹೆಂಡತಿ ಗಂಗುಲಮ್ಮನ ತಲೆಗೆ ಕಟ್ಟಿ ಹೊರಡುವನು.

ಅಲ್ಲಿ ಅವನದೇ ದರ್ಬಾರು. "ಊಟ ಆಯ್ತಾ ತಾತ?" ಎಂದು ವಿಚಾರಿಸಿದವರ ಕಿವಿಯಲ್ಲಿ ಕಾಯಿಲೆಯ ಹೆಸರು ಊದುವನು. ಮುಖ ಗಂಟಿಕ್ಕಿಕೊಂಡು ಬಂದವರು ತಡಕಾಡಿ ಸಾಯಲಿ ಎಂದು ಸುಮ್ಮನಿರುವನು.

ಈ ದಾನಧರ್ಮ ಪ್ರೊಫೆಸರ್ ನಾಹಿದ್ ಮೇಡಂ ಕಿವಿಗೆ ಬಿತ್ತು. ಈ ಸಲ ಅವರು ಪರೀಕ್ಷೆಯ ರೀತಿಯನ್ನೇ ಬದಲಿಸಿಬಿಟ್ಟರು. ಮೇಜಿಗೊಂದು ಪ್ರಶ್ನೆ, ಗಂಟೆ ಬಾರಿಸಿದರೆ ಮುಂದಿನ ಮೇಜು, ಎಲ್ಲರಿಗೂ ಒಂದೇ ಅಳತೆ. ಎದೆಯ ಸದ್ದಿಗೆ ಬುಸುಗುಡುವ ರಬ್ಬರ್ ಗೊಂಬೆ ಬಂತು. ಬಯ್ಯಪ್ಪನಿಗೆ ಮಂಡಿನೋವಿನ ಪಾತ್ರ ಸಿಕ್ಕಿತು.

"ನನ್ ಮಂಡಿ ಗಟ್ಟಿಗೈತಲ್ಲಮ್ಮ!"

"ನೋವಿದೆ ಅನ್ನಿ ಬಯ್ಯಪ್ಪನೋರೇ, ಸಾಕು."

ತನ್ನ ಪಟ್ಟ ಒಂದು ಗೊಂಬೆಯ ಪಾಲಾಯಿತಲ್ಲ ಎಂದು ಅವನಿಗೆ ಮೈಯೆಲ್ಲ ಉರಿ. ಹೇಗಾದರೂ ಉಳಿಸಿಕೊಳ್ಳಬೇಕೆಂದೇ ಕುರ್ಚಿಯಲ್ಲಿ ಕೂತ. ಭಾನುಪ್ರಿಯಾ ಎಂಬ ವಿದ್ಯಾರ್ಥಿನಿ ಬಂದು ಮಂಡಿ ಮಡಚಿ, ಒತ್ತಿ, ಕೇಳಬೇಕಾದ್ದನ್ನೆಲ್ಲ ಪಟಪಟನೆ ಕೇಳಿದಳು. ಬಯ್ಯಪ್ಪ ಅಂಗಿಯ ಗುಂಡಿ ಬಿಚ್ಚಿದ.

"ಅದ್ಬಿಡಮ್ಮ, ಇಲ್ಲಿ ಕೇಳು. ಗೊಂಬೆಗಿಂತ ಚೆನ್ನಾಗೈತೆ."

"ಅಯ್ಯೋ ತಾತ, ಎದೆ ಮುಂದಿನ ಟೇಬಲ್‌ದು! ಇಲ್ಲಿ ಅದಕ್ಕೆ ಮಾರ್ಕ್ಸೇ ಇಲ್ಲ."

ಗಂಟೆ ಹೊಡೆಯಿತು, ಓಡಿದಳು. ಆಮೇಲೆ ಬಂದವರೂ ಮಂಡಿ ಬಿಟ್ಟು ಮೇಲಕ್ಕೆ ಬರಲಿಲ್ಲ.

ಎಲ್ಲ ಮುಗಿದ ಮೇಲೆ ಬಯ್ಯಪ್ಪ ಮೇಡಂ ದಾರಿಗೆ ಅಡ್ಡ ನಿಂತ. "ನೀವೇ ಒಂದ್ಸಲ ಕೇಳಿ ಮೇಡಂ. ಗೊಂಬೆ ಹೆಚ್ಚೋ, ನಾನು ಹೆಚ್ಚೋ ಹೇಳ್ಬಿಡಿ."

ಮೇಡಂ ನಗುತ್ತಲೇ ಸ್ಟೆತಸ್ಕೋಪ್ ಇಟ್ಟರು. ನಗು ನಿಂತಿತು. ಬೆನ್ನಿಗೂ ಇಟ್ಟು ಕೇಳಿದರು. ಬಗ್ಗಿ ಊದಿದ ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯಿತು.

"ಮಲಗಿದ್ರೆ ಉಸಿರು ಕಟ್ಟುತ್ತಾ?"

ಕಟ್ಟುತ್ತಿತ್ತು. ಹಿಂದೆ ಎಷ್ಟೋ ಹುಡುಗರು ಅದನ್ನು ಕೇಳಿ, ಬರೆದುಕೊಂಡು, ಪಾಸಾಗಿ ಹೋಗಿದ್ದರು.

"ಎದೆಗೆ ಅಂತ ಇಲ್ಲಿ ಕೊಟ್ಟಿದ್ದ ಮಾತ್ರೆ ತಗೋತಿದೀರಾ?"

"ಬಿಟ್ಬಿಟ್ಟೆ ಮೇಡಂ. ಸದ್ದು ಹೊಂಟೋದ್ರೆ ನಿಮ್ ಪರೀಕ್ಷೆಗೆ ಏನ್ ಮಾಡ್ತೀರಾ?"

ಮೇಡಂಗೆ ತಲೆಯೆತ್ತಲಾಗಲಿಲ್ಲ. ಸ್ಟೆತಸ್ಕೋಪ್ ಮಡಚುತ್ತ, "ಇವತ್ತು ಊರಿಗೆ ಹೋಗ್ಬೇಡಿ, ಇಲ್ಲೇ ಅಡ್ಮಿಟ್ ಆಗಿ" ಎಂದರು.

ಬಯ್ಯಪ್ಪನ ಮುಖ ಅರಳಿತು. "ನಾಳೇನೂ ಪರೀಕ್ಷೆ ಐತಾ?"

"ಇಲ್ಲ ಬಯ್ಯಪ್ಪನೋರೇ. ನಿಮಗೆ ಕಾಯಿಲೆ ಇದೆ."