ಇಳಿಸದೆ ಮಾರುವ ಗಾಳಿಪಟ

ಕೊನೆಗೂ ಸಿಕ್ಕಿಬಿಟ್ಟಿತು! ಜ್ವರ ಬಂದು ನಜರ್‌ಬಾದಿನ ಲಾಡ್ಜಿನಲ್ಲಿ ಮಲಗಿರುವ ಮಗಳು ಎರಡು ದಿನದಿಂದ ಕೇಳುತ್ತಿದ್ದದ್ದು ಇದನ್ನೇ: ಫ್ಯಾನಿನ ಹಾಗೆ ಗಿರಗಿರನೆ ತಿರುಗುತ್ತಲೇ ಹಾರುವ ಗಾಳಿಪಟ. ಮೃಗಾಲಯದ ಹತ್ತಿರ, ಫುಟ್‌ಪಾತಿನಲ್ಲಿ ಆಟಿಕೆ ಮಾರುವ ಅಜ್ಜಿಯ ತಲೆಯ ಮೇಲೆ, ಎರಡಾಳೆತ್ತರದಲ್ಲಿ ಕೆಂಪಗೆ ಸುತ್ತುತ್ತಿತ್ತು.

"ಅದೇ ಬೇಕು ಅಜ್ಜಿ. ಇಳಿಸಿ, ಕವರಿಗೆ ಹಾಕಿಕೊಡಿ" ಎಂದೆ.

"ಹಾರ್ತಿರೋದನ್ನ ಇಳಿಸಿ ಮಾರಾಕಿಲ್ಲ ಕಣಪ್ಪ. ಆಷಾಢದ ಗಾಳಿ ಐತೆ, ಅಂಗೇ ಹಿಡ್ಕೊಂಡೋಗು!" ಅಜ್ಜಿ ನನ್ನ ಬೆರಳಿಗೆ ದಾರ ಸುತ್ತಿಯೇಬಿಟ್ಟರು.

ಆಟೊ ಹತ್ತುವ ಹಾಗಿಲ್ಲ. ಕತ್ತೆತ್ತಿಕೊಂಡೇ, ಎದುರಾದವರಿಗೆಲ್ಲ ಡಿಕ್ಕಿ ಹೊಡೆಯುತ್ತ ಲಾಡ್ಜಿಗೆ ನಡೆದೆ. ನಾನಿನ್ನೂ ರಸ್ತೆಯಲ್ಲಿದ್ದೆ, ಗಾಳಿಪಟ ಆಗಲೇ ಮೊದಲ ಮಹಡಿಯ ಕಿಟಕಿಯೆದುರು ತಿರುಗುತ್ತಿತ್ತು. ಸರಳುಗಳ ಹಿಂದೆ ಮಗಳ ಮುಖ ಕಂಡಿತು.

"ಅಪ್ಪಾ, ಮೇಲೆ ಬರ್ಬೇಡ! ಅಲ್ಲೇ ನಿಂತಿರು!"