ಎಡ ಜೇಬಿನ ಕಲ್ಲು

ವೆರ್ನ್ಯಾಕಿನಲ್ಲಿ ಆರ್ಮಾಂದ್ ಪೆಯ್ರೋಲ್ ಯಾರು ಎಂದು ಕೇಳಿದರೆ ಅರ್ಧ ಊರು ತಲೆ ಕೆರೆದುಕೊಳ್ಳುತ್ತದೆ. ಪೋಸ್ಟಮ್ಮ ಎಂದರೆ ಮಾತ್ರ ಮಾಂಸದಂಗಡಿಯ ನಾಯಿಗೂ ಗೊತ್ತು. ಮೂವತ್ತಮೂರು ವರ್ಷ ಸುತ್ತಲಿನ ಒಂಬತ್ತು ಹಳ್ಳಿಗಳಿಗೆ ಸೈಕಲ್ ತುಳಿದು ಕಾಗದ ಹಂಚಿದವಳು ಅವಳು. ಇಲಾಖೆಯವರು ವ್ಯಾನು ಕೊಡುತ್ತೇವೆ ಎಂದಾಗ, "ಅದರೊಳಗೆ ಕೂತ್ರೆ ನಾಯಿಗಳಿಗೆ ನನ್ನ ಗುರುತು ಸಿಗಲ್ಲ" ಎಂದು ಒಂದು ವರ್ಷ ಸತಾಯಿಸಿದ್ದಳು. ಒಂದೇ ಒಂದು ಕಾಗದವನ್ನೂ ತಪ್ಪು ಮನೆಗೆ ಹಾಕಿದವಳಲ್ಲ ಎಂಬುದು ಅವಳ ಹೆಮ್ಮೆ. ಆ ಹೆಮ್ಮೆ ಬೇಕಾದದ್ದಕ್ಕಿಂತ ಒಂದು ಹಿಡಿ ಜಾಸ್ತಿಯೇ ಇತ್ತು.

ಗಂಡ ಓಬೆನ್ ಕಲ್ಲುಕ್ವಾರಿಯ ಧೂಳು ಕುಡಿದೂ ಕುಡಿದೂ ಐವತ್ತೆರಡಕ್ಕೇ ಹೋದ. ಮಕ್ಕಳಿರಲಿಲ್ಲ. ಹತ್ತಿರದವನು ಅಂತ ಉಳಿದದ್ದು ತಮ್ಮ ರೆಜಿಸ್. ಊಟದ ವಾಸನೆ ಬಂದರೆ ಮಾಡುತ್ತಿದ್ದ ಕೆಲಸ ಬಿಟ್ಟು ಏಳುವ ಆಸಾಮಿ.

ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ, ದೇವಮಾತೆಯ ಹಬ್ಬದ ದಿನ, ಊರಿನಲ್ಲಿ ಸೈಕಲ್ ರೇಸು. ತೊಂಬತ್ತು ಚಿಲ್ಲರೆ ಕಿಲೋಮೀಟರು ಹಳ್ಳಿ ಹಳ್ಳಿ ಸುತ್ತಿ, ಕೊನೆಗೆ ತೂರೆಲ್ ಗುಡ್ಡದ ಪಾಳುಕೋಟೆ ಹತ್ತಿ, ಅಕ್ರೋಟು ಮರಗಳ ನಡುವೆ ಇಳಿದು, ಹಳೇ ಸೇತುವೆ ದಾಟಿ ಚರ್ಚಿನ ಮುಂದೆ ಮುಗಿಯುತ್ತದೆ. ದಾರಿಯ ಪ್ರತಿ ಅಡ್ಡರಸ್ತೆಯಲ್ಲೂ ಊರಿನವರೊಬ್ಬರು ಹಳದಿ ಜಾಕೀಟು ಹಾಕಿಕೊಂಡು ನಿಲ್ಲಬೇಕು. ಅವರ ಕೈಯಲ್ಲಿ ಒಂದು ಹಲಗೆ, ಒಂದು ಮಗ್ಗುಲು ಕೆಂಪು, ಇನ್ನೊಂದು ಹಸಿರು. ಕೆಂಪು ತೋರಿಸಿದರೆ ಲಾರಿಯಾಗಲಿ ಮೇಯರ್ ಕಾರಾಗಲಿ ನಿಲ್ಲಲೇಬೇಕು.

ಬಟ್ಟೆ ಒಗೆಯುವ ಕಟ್ಟೆಯ ಪಕ್ಕದ ಅಡ್ಡರಸ್ತೆ ಎಲ್ಲಕ್ಕಿಂತ ಕೆಟ್ಟದ್ದು. ಗುಡ್ಡದ ಇಳಿಜಾರು ಅಲ್ಲೊಂದು ತಿರುವು ತಿರುಗಿ ನೆಟ್ಟಗೆ ಹೆದ್ದಾರಿಗೆ ಬೀಳುತ್ತದೆ. ಓಬೆನ್ ಸತ್ತ ವರ್ಷ ಅಲ್ಲಿ ನಿಲ್ಲಲು ಗಂಡಸರು ಯಾರೂ ಮುಂದೆ ಬರಲಿಲ್ಲ. ಯಾರೂ ಕೇಳದೆಯೇ ಆರ್ಮಾಂದ್ ಹಲಗೆ ತೆಗೆದುಕೊಂಡಳು. ಅಲ್ಲಿಂದ ಇಪ್ಪತ್ತೆರಡು ವರ್ಷ ಬೇರೆ ಯಾರನ್ನೂ ಅಲ್ಲಿ ನಿಲ್ಲಗೊಡಲಿಲ್ಲ.

ಅವಳದೊಂದು ಲೆಕ್ಕವಿತ್ತು. ಎಷ್ಟು ಜನ ಹೊರಟರೋ ಅಷ್ಟು ಕಲ್ಲು, ಹೊಳೆಯಿಂದ ಆರಿಸಿದ ಅವರೆಕಾಳಿನಷ್ಟು ಸಣ್ಣವು, ಎಡ ಜೇಬಿನಲ್ಲಿ. ಒಬ್ಬ ದಾಟಿದರೆ ಒಂದು ಕಲ್ಲು ಬಲ ಜೇಬಿಗೆ. ಉಳಿದವರೆಲ್ಲ ಪೊರಕೆ ಗಾಡಿಯನ್ನು ನಂಬುತ್ತಿದ್ದರು. ರೇಸಿನ ಕೊನೆಗೆ ಬರುವ ವ್ಯಾನು ಅದು, ಹಿಂದೆ ಒಂದು ಪೊರಕೆ ಕಟ್ಟಿರುತ್ತಾರೆ. ಕೈಲಾಗದವನು ತನ್ನ ಬೆನ್ನಿನ ನಂಬರು ಬಿಚ್ಚಿ ಅದರ ಡ್ರೈವರನಿಗೆ ಕೊಡಬೇಕು, ಸೈಕಲ್ಲು ಗಾಡಿಯ ತಲೆ ಮೇಲೆ, ಅವನು ಒಳಗೆ. ಪೊರಕೆ ಗಾಡಿ ಎರಡು ಸಲ ಹಾರ್ನ್ ಹೊಡೆದರೆ ಹಿಂದೆ ಯಾರೂ ಇಲ್ಲ, ರಸ್ತೆ ಬಿಡಿ ಎಂದರ್ಥ. ಅದನ್ನು ಓಡಿಸುತ್ತಿದ್ದವನು ರೆಜಿಸ್.

ಪೊರಕೆ ಗಾಡಿಯ ಮುಂದೆ ಯಾವಾಗಲೂ ಇರುತ್ತಿದ್ದವನು ಜೊಯೆಲ್. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ, ನಲವತ್ತೊಂದು ವರ್ಷ, ಮದುವೆಯಿಲ್ಲ, ತಾಯಿ ಜರ್ಮೇನ್ ಜೊತೆ ವಾಸ. ಜರ್ಮೇನ್ ಮತ್ತು ಆರ್ಮಾಂದ್ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ಜೊಯೆಲ್ ಹತ್ತೊಂಬತ್ತು ರೇಸು ಓಡಿದ, ಹತ್ತೊಂಬತ್ತರಲ್ಲೂ ಕೊನೆಯವನು, ಆದರೆ ಒಮ್ಮೆಯೂ ಪೊರಕೆ ಗಾಡಿ ಹತ್ತಲಿಲ್ಲ. ಗೆದ್ದವನಿಗಿಂತ ಜೋರಾಗಿ ಜನ ಚಪ್ಪಾಳೆ ಹೊಡೆಯುತ್ತಿದ್ದದ್ದು ಅವನಿಗೆ. ಇಳಿಜಾರಿನ ತಿರುವಿನಲ್ಲಿ ಕಾಣಿಸುವ ಮೊದಲೇ ಅವನ ಕೂಗು ಕೇಳುತ್ತಿತ್ತು.

"ಪೋಸ್ಟಮ್ಮಾ, ನಂಗೇನಾದ್ರೂ ಕಾಗದ ಬಂತಾ?"

"ಬಂದಿದೆ ಕಣೋ ಆಮೆ! ನೀನು ಮುಟ್ಟೋ ಹೊತ್ತಿಗೆ ಶಾಯಿ ಅಳಿಸಿಹೋಗಿರುತ್ತೆ!"

ಹತ್ತೊಂಬತ್ತು ವರ್ಷವೂ ಇದೇ ಮಾತು. ಇಬ್ಬರಿಗೂ ಬೇಸರ ಬಂದಿರಲಿಲ್ಲ.

ಇಪ್ಪತ್ತನೆಯ ರೇಸಿನ ದಿನ ಬಿಸಿಲು ತಲೆ ಸೀಳುವಂತಿತ್ತು. ಹೊರಟವರು ಅರವತ್ತೊಂದು. ಅರವತ್ತು ಕಲ್ಲು ಬಲ ಜೇಬಿಗೆ ಹೋಗಿತ್ತು. ಅಡ್ಡರಸ್ತೆಯಲ್ಲಿ ಒಂದು ದನದ ಲಾರಿ ಅರ್ಧ ಗಂಟೆಯಿಂದ ನಿಂತಿತ್ತು. ಒಳಗಿನ ಕರುಗಳು ಬಾಯಾರಿ ಅರಚುತ್ತಿದ್ದವು. ಡ್ರೈವರು ಕೆಳಗಿಳಿದು ಬಂದಿದ್ದ.

"ಏನಮ್ಮಾ, ಇವು ಇಲ್ಲೇ ಸಾಯ್ಲಾ? ನಿಮ್ಮ ತಿಕ್ಕಲು ಸೈಕಲ್ಲಿಗೋಸ್ಕರ?"

"ಬಾಯಿ ಮುಚ್ಚಿ ಗಾಡಿ ಹತ್ತು. ಪೊರಕೆ ಬರ್ಲಿ."

ಪೊರಕೆ ಗಾಡಿ ಬಂತು. ಚರ್ಚಿನ ಮುಂದೆ ಕುರಿಮಾಂಸ ಸುಡುವ ವಾಸನೆ ಸೇತುವೆಯವರೆಗೂ ಬರುತ್ತಿತ್ತು, ರೆಜಿಸ್ ನಿಧಾನಿಸಲೂ ಇಲ್ಲ. ಎರಡು ಹಾರ್ನ್ ಹೊಡೆದು, ಕಿಟಕಿಯಿಂದ ಕೈ ಬೀಸಿ ಹೋಗಿಯೇ ಬಿಟ್ಟ. ಗಾಡಿಯ ತಲೆ ಮೇಲೆ ಸೈಕಲ್ಲು ಇರಲಿಲ್ಲ. ಆರ್ಮಾಂದ್ ಅದನ್ನು ನೋಡಿದಳು. ಎಡ ಜೇಬಿಗೆ ಕೈ ಹಾಕಿದಳು. ಒಂದು ಕಲ್ಲು ಬೆರಳಿಗೆ ಸಿಕ್ಕಿತು.

ಕರುಗಳು ಅರಚುತ್ತಿದ್ದವು, ಲಾರಿಯವನು ಹಾರ್ನ್ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಎರಡು ನಿಮಿಷ ಕಾದರಾಯಿತು ಎಂದುಕೊಂಡಳು. ಸೈಕಲ್ಲನ್ನು ಗಾಡಿಯ ಒಳಗೇ ತುರುಕಿರಬೇಕು ಎಂದೂ ಅಂದುಕೊಂಡಳು. ಎರಡನೆಯ ಯೋಚನೆ ಸುಲಭವಾಗಿತ್ತು. ಹಲಗೆ ತಿರುಗಿಸಿ ಹಸಿರು ತೋರಿಸಿದಳು.

ಲಾರಿ ರಸ್ತೆಯ ನಡುವಿಗೆ ಬಂದಾಗ ತಿರುವಿನ ಆಚೆಯಿಂದ ಕೂಗು ಕೇಳಿತು.

"ಪೋಸ್ಟಮ್ಮಾ, ನಂಗೇನಾದ್ರೂ..."

ಅವನು ಬ್ರೇಕ್ ಹಿಡಿದಿರಲಿಲ್ಲ. ಅಲ್ಲಿ ಅವನು ಎಂದೂ ಹಿಡಿದವನಲ್ಲ.

ಆಮೇಲೆ ತಿಳಿದದ್ದು ಇಷ್ಟು. ಗುಡ್ಡದ ತುದಿಯಲ್ಲಿ ಜೊಯೆಲ್‌ಗೆ ಮೀನಖಂಡ ಹಿಡಿದುಕೊಂಡಿತ್ತು. ನಂಬರು ಬಿಚ್ಚಿ ರೆಜಿಸ್ ಕೈಗೆ ಕೊಟ್ಟಿದ್ದ, ಗಾಡಿ ಮಾತ್ರ ಹತ್ತಲಿಲ್ಲ. "ಊರೆಲ್ಲ ನಗುತ್ತೆ ಮಾರಾಯ, ನಾನು ಮೆಲ್ಲಗೆ ಇಳ್ಕೊಂಡು ಬರ್ತೀನಿ" ಅಂದನಂತೆ. ರೆಜಿಸ್ ತಲೆಯಾಡಿಸಿ ಮುಂದೆ ಬಂದ. ಐವತ್ತೆಂಟನೇ ನಂಬರು ಅವನ ಅಂಗಿ ಜೇಬಿನಲ್ಲೇ ಇತ್ತು.

"ನಂಬರ್ ಕೊಟ್ಟ ಮೇಲೆ ಅವನು ರೇಸಿನವನಲ್ಲ ಅಕ್ಕ. ರೂಲ್ಸ್ ಹಾಗಿದೆ" ಎಂದು ಅಳುತ್ತಾ ಅಳುತ್ತಾ ಹೇಳಿದ.

"ಬಾಯಲ್ಲಿ ಏನಿತ್ತೋ ನಿಂಗೆ? ಹಿಂದೆ ಒಬ್ಬ ಬರ್ತಿದಾನೆ ಅಂತ ಒಂದು ಮಾತು ಹೇಳೋಕೆ?"

"ನೀನಾದ್ರೂ ಗಾಡಿ ನಿಲ್ಸಿ ಕೇಳ್ಬೋದಿತ್ತಲ್ಲ..." ಎಂದ ರೆಜಿಸ್.

ಪೊಲೀಸರು ಬಂದರು, ಕೇಳಿದರು, ಬರೆದುಕೊಂಡರು. ನಂಬರು ಕೊಟ್ಟಾಗಿದೆ, ಪೊರಕೆ ಗಾಡಿ ದಾಟಿದೆ, ಹಾರ್ನ್ ಎರಡು ಸಲ ಆಗಿದೆ, ಹಲಗೆ ಹಸಿರು. ರೆಜಿಸ್ ತಪ್ಪಿಲ್ಲ, ಲಾರಿಯವನ ತಪ್ಪಿಲ್ಲ, ಪೋಸ್ಟಮ್ಮನ ತಪ್ಪಂತೂ ಇಲ್ಲವೇ ಇಲ್ಲ. ಯಾರ ತಪ್ಪೂ ಇಲ್ಲದೆ ಒಬ್ಬ ಮನುಷ್ಯ ಮಣ್ಣಾದ. ಇನ್‌ಸ್ಪೆಕ್ಟರು ಕೊನೆಗೆ ಒಂದು ಪ್ರಶ್ನೆ ಕೇಳಿದ್ದ.

"ಹಿಂದೆ ಇನ್ನೂ ಒಬ್ಬ ಇದಾನೆ ಅಂತ ನಿಮಗೆ ಗೊತ್ತಿತ್ತಾಮ್ಮ?"

"ಇಲ್ಲ" ಅಂದಳು ಆರ್ಮಾಂದ್.

ಆ ಒಂದು ಮಾತು ಇಡೀ ವರ್ಷ ಅವಳನ್ನು ತಿಂದಿತು. ಸಂತೆಗೆ ಹೋಗಬೇಕಾದರೆ ಕಟ್ಟೆಯ ದಾರಿ ಬಿಟ್ಟು ಎರಡು ಮೈಲಿ ಸುತ್ತಿ ಹೋಗುತ್ತಿದ್ದಳು. ಸೈಕಲ್ಲು ಕೊಟ್ಟಿಗೆ ಸೇರಿ ಅದರ ಟಯರು ಚಪ್ಪಟೆಯಾಯಿತು. ಊರಿನವರು ಸೂಪು ತಂದು ಕೊಟ್ಟರು, ಬೆನ್ನು ಸವರಿದರು, "ನಿನ್ನ ತಪ್ಪಿಲ್ಲ ಬಿಡು" ಎಂದರು. ಹಾಗೆ ಅಂದವರನ್ನೆಲ್ಲ ಅವಳು ಒಳಗೊಳಗೇ ದ್ವೇಷಿಸಿದಳು.

ಮರುವರ್ಷ ನಿಲ್ಲುವುದಿಲ್ಲ ಎಂದು ಮೇಯರಿಗೆ ಹೇಳಿ ಕಳಿಸಿದಳು. ಹಬ್ಬದ ಬೆಳಿಗ್ಗೆ ಹಲಗೆ ಹಿಡಿದು ಬಾಗಿಲಿಗೆ ಬಂದವಳು ಜರ್ಮೇನ್. ಕಪ್ಪು ಬಟ್ಟೆ, ಎಪ್ಪತ್ತು ದಾಟಿದ ಮೈ, ಬಿಸಿಲಿಗೆ ಏದುಸಿರು ಬಿಡುತ್ತಿದ್ದಳು. ಆರ್ಮಾಂದ್ ಕಾಫಿ ಇಟ್ಟಳು.

"ನೀನೇ ನಿಂತ್ಕೋಬೇಕು ಕಣೇ" ಎಂದಳು ಜರ್ಮೇನ್. "ಬೇರೆಯೋರು ಅಲ್ಲಿ ನಿಂತ್ರೆ ನಂಗೆ ಸಮಾಧಾನ ಇಲ್ಲ. ಬ್ರೇಕ್ ನೋಡ್ಕೊಳೋ ಅಂತ ನಾನು ಬೈತಿದ್ದೆ. ಪೋಸ್ಟಮ್ಮ ಇರೋ ಕಡೆ ಬ್ರೇಕ್ ಯಾಕಮ್ಮಾ ಅಂತಿದ್ದ."

ಆರ್ಮಾಂದ್ ಗೋಡೆಗೆ ನೇತುಹಾಕಿದ್ದ ಹಳದಿ ಜಾಕೀಟಿನ ಎಡ ಜೇಬಿನಿಂದ ಕಲ್ಲು ತೆಗೆದು ಮೇಜಿನ ಮೇಲಿಟ್ಟಳು.

"ಇದು ಉಳಿದಿತ್ತು ಜರ್ಮೇನ್. ಗಾಡಿ ಮೇಲೆ ಸೈಕಲ್ಲೂ ಇರ್ಲಿಲ್ಲ. ನೋಡಿದ್ದೆ. ಆ ಲಾರಿಯೋನ ಕಾಟಕ್ಕೆ... ಅಲ್ಲ, ಅವನ ಕಾಟಕ್ಕಲ್ಲ. ನಂಗೇ ಸಾಕಾಗಿತ್ತು."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಜರ್ಮೇನ್ ಕಾಫಿ ಮುಟ್ಟಲಿಲ್ಲ, ಕಲ್ಲನ್ನೂ ಮುಟ್ಟಲಿಲ್ಲ. ಎದ್ದು ಹಳದಿ ಜಾಕೀಟು ತೆಗೆದು ಕಪ್ಪು ಬಟ್ಟೆಯ ಮೇಲೆ ಹಾಕಿಕೊಂಡಳು. ಹಲಗೆ ಹಿಡಿದುಕೊಂಡು ಹೊರಟುಹೋದಳು.

ಮಧ್ಯಾಹ್ನ ಮನೆಯಲ್ಲಿ ಕೂತೇ ಆರ್ಮಾಂದ್ ಎಲ್ಲ ಕೇಳಿಸಿಕೊಂಡಳು. ಜನರ ಚಪ್ಪಾಳೆ, ಚಕ್ರಗಳ ಸದ್ದು, ಕೊನೆಗೆ ಪೊರಕೆ ಗಾಡಿಯ ಎರಡು ಹಾರ್ನ್. ಅದಾದ ಮೇಲೆ ಬೇರೆ ಹಾರ್ನುಗಳು ಶುರುವಾದವು, ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ರೆಜಿಸ್ ಓಡಿಬಂದ.

"ಅಕ್ಕ, ಬೇಗ ಬಾ. ಜರ್ಮೇನ್ ರಸ್ತೆ ಬಿಡ್ತಿಲ್ಲ! ಎಲ್ರೂ ಬಂದಾಯ್ತು ಅಂದ್ರೂ ಕೇಳ್ತಿಲ್ಲ. ಕೆಂಪು ಹಿಡ್ಕೊಂಡು ನಡುರಸ್ತೇಲಿ ನಿಂತಿದಾಳೆ. ನೀನು ಹೇಳಿದ್ರೆ ಕೇಳ್ತಾಳೆ."

ಆರ್ಮಾಂದ್ ಕಲ್ಲು ಕೈಯಲ್ಲಿ ಹಿಡಿದು ಹೊರಟಳು. ಒಂದು ವರ್ಷದ ಮೇಲೆ ಮೊದಲ ಸಲ ಕಟ್ಟೆಯ ದಾರಿ. ಹೆದ್ದಾರಿಯಲ್ಲಿ ಸೇತುವೆಯವರೆಗೂ ಗಾಡಿಗಳ ಸಾಲು. ಅದೇ ಇನ್‌ಸ್ಪೆಕ್ಟರು ಟೋಪಿ ಕೈಯಲ್ಲಿ ಹಿಡಿದು ಜರ್ಮೇನ್‌ಗೆ ಏನೋ ಬೇಡಿಕೊಳ್ಳುತ್ತಿದ್ದ. ಅವಳು ಇಳಿಜಾರಿನ ತಿರುವನ್ನೇ ನೋಡುತ್ತಿದ್ದಳು.

ಆರ್ಮಾಂದ್ ಹೋದದ್ದು ಅವಳ ಹತ್ತಿರವಲ್ಲ, ಇನ್‌ಸ್ಪೆಕ್ಟರನ ಹತ್ತಿರ. ಸುತ್ತ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಹೋದ ವರ್ಷ ನೀವು ನನ್ನನ್ನ ಒಂದು ಪ್ರಶ್ನೆ ಕೇಳಿದ್ರಿ. ಇಲ್ಲ ಅಂದಿದ್ದೆ. ಸುಳ್ಳು. ಒಬ್ಬ ಬರೋದಿದೆ ಅಂತ ಗೊತ್ತಿದ್ದೇ ರಸ್ತೆ ಬಿಟ್ಟೆ. ಬರ್ಕೊಳಿ."

ಹಾರ್ನುಗಳು ಒಂದೊಂದಾಗಿ ನಿಂತವು. ರೆಜಿಸ್ ತಲೆ ತಗ್ಗಿಸಿದ. ಇನ್‌ಸ್ಪೆಕ್ಟರು ಪುಸ್ತಕಕ್ಕಾಗಿ ಜೇಬು ತಡಕಾಡಿದ.

ಆಗ ಜರ್ಮೇನ್ ಹಲಗೆ ತಿರುಗಿಸಿ ಹಸಿರು ತೋರಿಸಿದಳು. ಜಾಕೀಟು ಬಿಚ್ಚಿ ಒಗೆಯುವ ಕಟ್ಟೆಯ ಮೇಲೆ ಹಾಕಿ, ಹಲಗೆ ಅದರ ಪಕ್ಕ ಇಟ್ಟು, ಆರ್ಮಾಂದ್ ನಿಂತಿದ್ದ ಕಡೆ ಕಣ್ಣೆತ್ತಿಯೂ ನೋಡದೆ ಮನೆಯ ದಾರಿ ಹಿಡಿದಳು. ಗಾಡಿಗಳು ಸಾಲಾಗಿ ಹೊರಟವು. ಆಮೇಲೆ ಅವರಿಬ್ಬರೂ ಮಾತಾಡಿದ್ದನ್ನು ವೆರ್ನ್ಯಾಕಿನಲ್ಲಿ ಯಾರೂ ಕಂಡಿಲ್ಲ.